ಅಂಟಿನ ಪ್ರಶ್ನೆ: ಆಟಿಕೆ ಇಟ್ಟಿಗೆಯ ಶಿಲ್ಪಗಳನ್ನು ಕುರಿತು

(ಕಲಾ ವಿದ್ಯಾರ್ಥಿಗಳು ಮತ್ತು ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಅಂದು ಪರದೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲ. ಆದ್ದರಿಂದ ಕೃತಿಗಳ ವರ್ಣನೆಯನ್ನು ತುಸು ಹಿಗ್ಗಿಸಿದ್ದೇನೆ.)

ಮೊದಲಿಗೆ ಸಂಖ್ಯೆಗಳನ್ನು ಹೇಳಿ ಮುಗಿಸಿಬಿಡುತ್ತೇನೆ. ನಾನು ಹೇಳದಿದ್ದರೆ ನೀವು ಹೇಗೂ ಕೇಳುತ್ತೀರಿ. ಅಮೆರಿಕದ ನೇಥನ್ ಸವಾಯ ಕಟ್ಟಿದ ಟೈರನೊಸಾರಸ್ ಡೈನೋಸಾರಿನ ಅಸ್ಥಿಪಂಜರಕ್ಕೆ 80,020 ಲೆಗೊ ಇಟ್ಟಿಗೆಗಳು (ಒಂದಕ್ಕೊಂದು ಸಿಕ್ಕಿಸಿ ಕಟ್ಟುವ, ಡೆನ್ಮಾರ್ಕಿನ ಲೆಗೊ ಕಂಪನಿಯ ಪ್ಲಾಸ್ಟಿಕ್ ಆಟಿಕೆ ಇಟ್ಟಿಗೆಗಳು) ಬೇಕಾದವು. ಅವರದೇ ‘ಯೆಲ್ಲೊ’ ಎಂಬ ಶಿಲ್ಪಕ್ಕೆ ಸುಮಾರು 11,000. ಚೀನಾದ ಐ ವೇವೇ ಮಾಡಿದ ನೈದಿಲೆ ಕೊಳದ ಚಿತ್ರಕ್ಕೆ ಸುಮಾರು ಆರೂವರೆ ಲಕ್ಷ. ಅವರೇ ಆಲ್ಕಟ್ರಾಸ್ ಸೆರೆಮನೆಯ ನೆಲದ ಮೇಲೆ ಹಾಸಿದ ಮುಖಚಿತ್ರಗಳಿಗೆ ಸುಮಾರು 12 ಲಕ್ಷ. ಡೆನ್ಮಾರ್ಕಿನ ಬಿಲ್ಲುಂಡ್ ಊರಿನಲ್ಲಿ ಲೆಗೊ ಹೌಸ್ ಎಂಬ ಕಟ್ಟಡದೊಳಗೆ 15 ಮೀಟರಿಗೂ ಎತ್ತರದ ಒಂದು ಮರವಿದೆ. ಅದಕ್ಕೆ 63,16,611.

ಆಯಿತಲ್ಲ? ಈಗ ಅವನ್ನು ಪಕ್ಕಕ್ಕೆ ಸರಿಸೋಣ. ಇಟ್ಟಿಗೆ ಶಿಲ್ಪದ ಬಗ್ಗೆ ಬರುವ ಹತ್ತು ಸುದ್ದಿಗಳಲ್ಲಿ ಒಂಬತ್ತು ಈ ಸಂಖ್ಯೆಯಿಂದ ಆರಂಭವಾಗಿ ಈ ಸಂಖ್ಯೆಯಲ್ಲಿಯೇ ಮುಗಿಯುತ್ತವೆ. ಅಕ್ಕಿ ಕಾಳಿನ ಮೇಲೆ ರಾಷ್ಟ್ರಗೀತೆ ಬರೆದವರ ಸುದ್ದಿಯನ್ನು, ಸೀಮೆಸುಣ್ಣದ ತುದಿಯಲ್ಲಿ ಗಣಪತಿ ಕೊರೆದವರ ಸುದ್ದಿಯನ್ನು ನಾವು ಓದುವುದೂ ಹೀಗೆಯೇ. ಎಷ್ಟು ತಾಳ್ಮೆ, ಎಷ್ಟು ದಿನ, ದಾಖಲೆ ಪುಸ್ತಕದಲ್ಲಿ ಹೆಸರು ಬಂತೇ? ತಾಳ್ಮೆಯನ್ನು ನಾನು ಗೌರವಿಸುತ್ತೇನೆ. ಆದರೆ ತಾಳ್ಮೆ ಕಲೆಯ ಅಳತೆಗೋಲಾಗಿದ್ದರೆ ಗುಮಾಸ್ತರೆಲ್ಲರೂ ಮಹಾಕವಿಗಳಾಗಬೇಕಿತ್ತು. ಎಷ್ಟು ಇಟ್ಟಿಗೆ ಎನ್ನುವುದನ್ನು ಬಿಟ್ಟು ಏಕೆ ಇಟ್ಟಿಗೆ ಎಂದು ಕೇಳೋಣ. ಅದೇ ಆಕೃತಿಯನ್ನು ಜೇಡಿಮಣ್ಣಿನಲ್ಲಿ ಮಾಡಿದ್ದರೆ ಏನು ಕಳೆದುಹೋಗುತ್ತಿತ್ತು? ಏನೂ ಕಳೆಯುವುದಿಲ್ಲ ಎಂದಾದರೆ ಅದು ಒಳ್ಳೆಯ ಕಸುಬು. ಏನೋ ಕಳೆಯುತ್ತದೆ ಎಂದಾದರೆ ಅಲ್ಲಿ ನಾವು ಸ್ವಲ್ಪ ಹೊತ್ತು ನಿಲ್ಲಬೇಕು.

ಇದಕ್ಕೆ ಮೊದಲು ಇಟ್ಟಿಗೆಯ ಗುಣ ಗೊತ್ತಿರಬೇಕು. ಶಿಲೆಯ ಪದರ ತಿಳಿಯದೆ ಉಳಿ ಹಿಡಿಯಲು ಬರುವುದಿಲ್ಲ.

ಬಿಲ್ಲುಂಡಿನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸನ್ 1932ರಲ್ಲಿ ಮರದ ಆಟಿಕೆಗಳನ್ನು ಮಾಡಲು ತೊಡಗಿದರು. ಅದೇ ಮುಂದೆ ಲೆಗೊ ಕಂಪನಿಯಾಯಿತು. ಪ್ಲಾಸ್ಟಿಕ್ ಇಟ್ಟಿಗೆ ಬಂದದ್ದು 1949ರಲ್ಲಿ. ಅದು ಸ್ವಂತ ಕಲ್ಪನೆಯಲ್ಲ. ಹಿಲರಿ ಫಿಶರ್ ಪೇಜ್ ಎಂಬ ಇಂಗ್ಲಿಷ್ ಆಟಿಕೆ ತಯಾರಕರ ‘ಕಿಡಿಕ್ರಾಫ್ಟ್’ ಇಟ್ಟಿಗೆ ಅದಕ್ಕೆ ಮಾದರಿ. ಆ ಮೊದಲ ಇಟ್ಟಿಗೆಗಳ ಹೊಟ್ಟೆ ಖಾಲಿ. ಒಂದರ ಮೇಲೊಂದು ಕೂರುತ್ತಿದ್ದವು, ಆದರೆ ಹಿಡಿತವಿರಲಿಲ್ಲ. ಓಲೆಯವರ ಮಗ ಗಾಡ್‌ಫ್ರೆಡ್ 1958ರ ಜನವರಿ 28ರಂದು ಪೇಟೆಂಟಿಗೆ ಸಲ್ಲಿಸಿದ ವಿನ್ಯಾಸದಲ್ಲಿ ಇಟ್ಟಿಗೆಯ ಒಳಗೆ ಕೊಳವೆಗಳು ಬಂದವು. ಕೆಳಗಿನ ಇಟ್ಟಿಗೆಯ ತಲೆಯ ಮೇಲಿರುವ ಗುಬಟು, ಮೇಲಿನ ಇಟ್ಟಿಗೆಯ ಗೋಡೆಗೂ ಕೊಳವೆಗೂ ನಡುವೆ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. ಮೊಳೆಯಿಲ್ಲ, ಗಾರೆಯಿಲ್ಲ, ಬರೀ ಘರ್ಷಣೆ. 1963ರಿಂದ ಎಬಿಎಸ್ ಎಂಬ ಪ್ಲಾಸ್ಟಿಕ್ ಬಂದ ಮೇಲೆ ಆಕಾರ ಸೊಟ್ಟಗಾಗುವ ಕಾಟವೂ ತಪ್ಪಿತು. 1958ರ ವಿನ್ಯಾಸದ ಹಳೆಯ ಇಟ್ಟಿಗೆ ಇಂದು ಅಂಗಡಿಯಿಂದ ತಂದ ಇಟ್ಟಿಗೆಯ ಮೇಲೆ ಕೂರುತ್ತದೆ.

ನನ್ನ ಕಣ್ಣಿಗೆ ಈ ಕಥೆಯ ಮುಖ್ಯ ಭಾಗ ಆ ಹಿಡಿತದ ಪ್ರಮಾಣ. ಗೋಪುರ ನಿಲ್ಲುವಷ್ಟು ಬಿಗಿ, ಆದರೆ ಮಗುವಿನ ಬೆರಳಿಗೆ ಬಿಡಿಸಲು ಬರುವಷ್ಟು ಸಡಿಲ. ಇಷ್ಟು ಸೂಕ್ಷ್ಮವಾದ ನಡುದಾರಿಯನ್ನು ಹಿಡಿಯಲು ಅಚ್ಚುಗಳನ್ನು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಕಡಿಮೆ ವ್ಯತ್ಯಾಸದಲ್ಲಿ ಮಾಡಬೇಕಾಗುತ್ತದೆ. ಅಂದರೆ ಈ ವಸ್ತು ಹುಟ್ಟುವಾಗಲೇ ಒಂದು ಮಾತು ಕೊಟ್ಟಿದೆ: ನನ್ನಿಂದ ಕಟ್ಟಿದ್ದನ್ನು ಕಳಚಬಹುದು. ಕಲ್ಲು, ಮರ, ಕಂಚು ಯಾವುದೂ ಈ ಮಾತು ಕೊಡುವುದಿಲ್ಲ. ಹಸಿ ಜೇಡಿಮಣ್ಣು ಕೊಡುತ್ತದೆ, ಆದರೆ ಒಣಗಿದ ಮೇಲೆ ಮರೆತುಬಿಡುತ್ತದೆ.

ಎರಡನೆಯ ಗುಣ, ಎಲ್ಲವೂ ಒಂದೇ ತೆರನಾಗಿರುವುದು. ಎರಡು ಗುಬಟು ಅಗಲ, ನಾಲ್ಕು ಗುಬಟು ಉದ್ದದ ಮಾಮೂಲಿ ಇಟ್ಟಿಗೆಗಳನ್ನು ತೆಗೆದುಕೊಳ್ಳಿ. ಒಂದೇ ಬಣ್ಣದ ಎರಡನ್ನು 24 ಬಗೆಯಲ್ಲಿ ಜೋಡಿಸಬಹುದು, ಮೂರನ್ನು 1,060 ಬಗೆಯಲ್ಲಿ. ಆರಾದರೆ? ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಗಣಿತಜ್ಞ ಸೋರನ್ ಐಲರ್ಸ್ ಲೆಕ್ಕದಂತೆ 91,51,03,765. ಸಂಖ್ಯೆಗಳನ್ನು ಪಕ್ಕಕ್ಕೆ ಸರಿಸುತ್ತೇನೆಂದು ಹೇಳಿ ಮತ್ತೆ ತಂದೆ, ಗೊತ್ತು. ಆದರೆ ಇದು ಬೇರೆ ಜಾತಿಯ ಸಂಖ್ಯೆ. ಇದು ಪರಿಶ್ರಮದ ಲೆಕ್ಕವಲ್ಲ, ಸಾಧ್ಯತೆಯ ಲೆಕ್ಕ.

ಮೂರನೆಯ ಗುಣ ಒಂದು ಕೊರತೆ. ಇಟ್ಟಿಗೆಗೆ ಬಾಗಲು ಬರುವುದಿಲ್ಲ. ಮನುಷ್ಯನ ಕೆನ್ನೆಯಲ್ಲಿ ಒಂದೂ ಲಂಬಕೋನವಿಲ್ಲ, ಇಟ್ಟಿಗೆಯಲ್ಲಿ ಅದು ಬಿಟ್ಟು ಬೇರೇನೂ ಇಲ್ಲ. ಕೆನ್ನೆ ಮಾಡಬೇಕಾದರೆ ಮೆಟ್ಟಿಲು ಕಟ್ಟಬೇಕು. ಈ ಸಭೆಯಲ್ಲಿ ಧಾರವಾಡದ ಕಸೂತಿ ಬಲ್ಲವರು ಯಾರಾದರೂ ಇದ್ದರೆ ಅವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು. ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲೇ ಗೆರೆ ಎಳೆದುಕೊಳ್ಳುವುದಿಲ್ಲ, ಎಳೆಗಳನ್ನು ಎಣಿಸುತ್ತಾ ಹೋಗುತ್ತಾರೆ. ಮುರ್ಗಿ ಹೊಲಿಗೆ ಸಾಗುವುದೇ ಮೆಟ್ಟಿಲು ಮೆಟ್ಟಿಲಾಗಿ. ಆ ಮೆಟ್ಟಿಲುಗಳಿಂದಲೇ ನವಿಲಿನ ಕತ್ತು, ಆನೆಯ ಸೊಂಡಿಲು, ತೇರಿನ ಬಾಗು ಮೂಡುತ್ತವೆ. ಹತ್ತಿರದಿಂದ ನೋಡಿದರೆ ಲೆಕ್ಕ, ದೂರದಿಂದ ನೋಡಿದರೆ ನವಿಲು. ಇಟ್ಟಿಗೆಯ ಶಿಲ್ಪಿಯೂ ನೋಡುವವನ ದೂರವನ್ನು ಲೆಕ್ಕಕ್ಕೆ ತೆಗೆದುಕೊಂಡೇ ಕೆಲಸ ಮಾಡುತ್ತಾನೆ. ಎಷ್ಟು ಹೆಜ್ಜೆ ಹಿಂದೆ ಸರಿದರೆ ಮೆಟ್ಟಿಲು ಕರಗಿ ಕೆನ್ನೆಯಾಗುತ್ತದೆ ಎನ್ನುವುದರ ಮೇಲೆ ಕೃತಿಯ ಗಾತ್ರ ನಿರ್ಧಾರವಾಗುತ್ತದೆ. ಇಟ್ಟಿಗೆ ಶಿಲ್ಪಗಳು ಆಳೆತ್ತರ ಮೀರಿ ಬೆಳೆಯಲು ಆಡಂಬರ ಒಂದೇ ಕಾರಣವಲ್ಲ. ಚಿಕ್ಕದಾದಷ್ಟೂ ಮೆಟ್ಟಿಲುಗಳು ಒರಟಾಗುತ್ತವೆ.

ಇದಕ್ಕೊಂದು ಉಪಾಯವೂ ಇದೆ. ಗುಬಟುಗಳು ಸದಾ ಮೇಲ್ಮುಖವಾಗಿ ಇರಬೇಕೆಂಬ ನಿಯಮವೇನೂ ಇಲ್ಲವಲ್ಲ. ಇಟ್ಟಿಗೆಯನ್ನು ಪಕ್ಕಕ್ಕೆ ಮಲಗಿಸಿ, ತಲೆಕೆಳಗು ಮಾಡಿ ಸೇರಿಸಿದರೆ ಮೆಟ್ಟಿಲುಗಳು ಸಣ್ಣದಾಗುತ್ತವೆ, ನಯವಾದ ಬದಿಗಳು ಹೊರಗೆ ಬರುತ್ತವೆ. ಇದು ಸಾಧ್ಯವಾಗುವುದು ಒಂದು ಪುಟ್ಟ ಗಣಿತದಿಂದ. ಒಂದು ಗುಬಟಿನಿಂದ ಮುಂದಿನದಕ್ಕೆ 8 ಮಿಲಿಮೀಟರ್. ಇಟ್ಟಿಗೆಯ ಎತ್ತರ 9.6 ಮಿಲಿಮೀಟರ್. ಅದರ ಮೂರನೇ ಒಂದು ಭಾಗದಷ್ಟು ತೆಳ್ಳಗಿನ ಪ್ಲೇಟಿನ ಎತ್ತರ 3.2. ಐದು ಪ್ಲೇಟುಗಳನ್ನು ಪೇರಿಸಿದರೆ 16 ಮಿಲಿಮೀಟರ್, ಅಂದರೆ ಸರಿಯಾಗಿ ಎರಡು ಗುಬಟಿನ ಅಗಲ. ಅಲ್ಲಿ ಮಲಗಿದ ಇಟ್ಟಿಗೆಗೂ ನಿಂತ ಇಟ್ಟಿಗೆಗೂ ಲೆಕ್ಕ ಕೂಡುತ್ತದೆ. ಹವ್ಯಾಸಿಗಳು ಈ ಅನುಪಾತವನ್ನು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾರೆ. ದುಂಡನೆಯ ಚೆಂಡು ಕಟ್ಟುವ ಕೌಶಲವೂ ಹುಟ್ಟಿದ್ದು ಇಲ್ಲಿಂದಲೇ: ಒಳಗೊಂದು ಘನ, ಅದರ ಆರು ಮುಖಗಳಿಂದಲೂ ಆರು ದಿಕ್ಕಿಗೆ ಹೊರಟ ಗುಬಟುಗಳು, ಅವುಗಳ ಮೇಲೆ ಪ್ಲೇಟುಗಳ ಚಿಪ್ಪು.

ಈ ವಿದ್ಯೆಗೆ ಒಬ್ಬ ಆದ್ಯರಿದ್ದಾರೆ, ಹೆಸರು ಹೆಚ್ಚು ಕೇಳಿಬರುವುದಿಲ್ಲ. ಡ್ಯಾಗ್ನಿ ಹೋಮ್, ಶಿಲ್ಪಕಲೆ ಬಲ್ಲ ಡೆನ್ಮಾರ್ಕಿನ ಮಹಿಳೆ. 1960ರ ದಶಕದ ಆರಂಭದಲ್ಲಿ ಕಂಪನಿ ಸೇರಿ, 1968ರಲ್ಲಿ ಬಿಲ್ಲುಂಡಿನಲ್ಲಿ ತೆರೆದ ಲೆಗೊಲ್ಯಾಂಡ್ ಉದ್ಯಾನದ ಮಾದರಿಗಳನ್ನು ರೂಪಿಸಿದವರಲ್ಲಿ ಮುಖ್ಯರು. ಬಾಗಿದ ಬಿಡಿಭಾಗಗಳು ವಿರಳವಾಗಿದ್ದ ಕಾಲದಲ್ಲಿ ಕೇವಲ ಆಯತಗಳಿಂದ ಮುಖ, ಪ್ರಾಣಿ, ಕಟ್ಟಡಗಳನ್ನು ಕಟ್ಟಿದರು. ಕಂಪನಿಯ ಸಂಬಳದಲ್ಲಿ ಉದ್ಯಾನಕ್ಕಾಗಿ ಮಾಡಿದ ಕೆಲಸವಾದ್ದರಿಂದ ಕಲೆಯ ಇತಿಹಾಸ ಅದನ್ನು ಗಮನಿಸಲಿಲ್ಲ.

ಗಮನಿಸಿದ್ದು ನೇಥನ್ ಸವಾಯ ಬಂದ ಮೇಲೆ. ನ್ಯೂಯಾರ್ಕಿನಲ್ಲಿ ಕಾರ್ಪೊರೇಟ್ ವಕೀಲರಾಗಿದ್ದವರು, 2004ರಲ್ಲಿ ಕೆಲಸ ಬಿಟ್ಟು ಕೆಲವು ತಿಂಗಳು ಕ್ಯಾಲಿಫೋರ್ನಿಯಾದ ಲೆಗೊಲ್ಯಾಂಡಿನಲ್ಲಿ ಮಾದರಿ ಕಟ್ಟುವ ಕೆಲಸ ಮಾಡಿ, ಅದನ್ನೂ ಬಿಟ್ಟು ಸ್ವತಂತ್ರರಾದರು. 2007ರಲ್ಲಿ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕಲಾ ಸಂಗ್ರಹಾಲಯದಲ್ಲಿ ಮೊದಲ ಏಕವ್ಯಕ್ತಿ ಪ್ರದರ್ಶನ. ಬರೀ ಲೆಗೊ ಶಿಲ್ಪಗಳಿಗೆ ಕಲಾ ಸಂಗ್ರಹಾಲಯವೊಂದು ಬಾಗಿಲು ತೆರೆದದ್ದು ಆಗ ಹೊಸ ಸಂಗತಿ. ಮುಂದೆ ‘ದಿ ಆರ್ಟ್ ಆಫ್ ದಿ ಬ್ರಿಕ್’ ಎಂಬ ಹೆಸರಿನಲ್ಲಿ ಆ ಪ್ರದರ್ಶನ ಖಂಡಾಂತರ ಸುತ್ತಿತು.

ಪರದೆಯ ಮೇಲಿರುವುದು ‘ಯೆಲ್ಲೊ’. ಹಳದಿ ಮನುಷ್ಯನೊಬ್ಬ ಎರಡು ಕೈಗಳಿಂದ ತನ್ನ ಎದೆಯನ್ನು ಸೀಳಿ ತೆರೆಯುತ್ತಿದ್ದಾನೆ, ಒಳಗಿನಿಂದ ಹಳದಿ ಇಟ್ಟಿಗೆಗಳು ಸುರಿಯುತ್ತಿವೆ. ನಮಗೆ ಎದೆ ಬಗೆದ ಹನುಮಂತ ಗೊತ್ತು, ಅಲ್ಲಿ ಒಳಗೆ ದೇವರಿದ್ದಾನೆ. ಇಲ್ಲಿ ಒಳಗಿರುವುದು ಹೊರಗಿರುವುದೇ, ಆದರೆ ಜೋಡಣೆ ಕಳಚಿಕೊಂಡದ್ದು. ಕಂಚಿನಲ್ಲಿ ಇದನ್ನು ಎರಕ ಹೊಯ್ದಿದ್ದರೆ? ಎದೆಯಿಂದ ಏನೋ ಸುರಿಯುತ್ತಿದೆ ಎಂದಷ್ಟೇ ಕಾಣುತ್ತಿತ್ತು. ಇಟ್ಟಿಗೆಯಲ್ಲಿ ಮಾಡಿದ್ದರಿಂದ ಆ ರಾಶಿ ಮತ್ತೊಬ್ಬ ಮನುಷ್ಯನಾಗಬಹುದಾದ ರಾಶಿ. ‘ಏಕೆ ಇಟ್ಟಿಗೆ’ ಎಂಬ ಪ್ರಶ್ನೆಗೆ ಈ ಕೃತಿ ತಾನೇ ಉತ್ತರ ಕೊಡುತ್ತದೆ. ಮಕ್ಕಳು ಇದರ ಮುಂದೆ ನಗುತ್ತಾರೆ, ದೊಡ್ಡವರು ಸ್ವಲ್ಪ ತಡವರಿಸುತ್ತಾರೆ. ಎರಡೂ ಸರಿಯಾದ ಪ್ರತಿಕ್ರಿಯೆಗಳೇ.

ಆದರೆ ಅದೇ ಪ್ರದರ್ಶನದಲ್ಲಿ ಮೊನಾಲಿಸಾ ಇದ್ದಾಳೆ, ಮೈಕೆಲ್ಯಾಂಜೆಲೊನ ಡೇವಿಡ್ ಇದ್ದಾನೆ, ವ್ಯಾನ್ ಗೋನ ನಕ್ಷತ್ರದ ರಾತ್ರಿ ಇದೆ. ನನಗೆ ಅವು ರುಚಿಸುವುದಿಲ್ಲ. ‘ಇದನ್ನೂ ಇಟ್ಟಿಗೆಯಲ್ಲಿ ಮಾಡಬಹುದು’ ಎನ್ನುವುದರ ಆಚೆಗೆ ಅವು ಏನನ್ನೂ ಹೇಳುವುದಿಲ್ಲ. ಸವಾಯ ಅವರ ಪರವಾಗಿ ಒಂದು ವಾದವಿದೆ: ಕಲಾ ಸಂಗ್ರಹಾಲಯದ ಮೆಟ್ಟಿಲು ಹತ್ತದ ಕುಟುಂಬಗಳು ಆಟಿಕೆಯ ನೆಪದಲ್ಲಿ ಡೇವಿಡನನ್ನು ನೋಡುತ್ತವೆ. ವಾದ ಒಪ್ಪುವಂಥದ್ದೇ. ಅದು ಶಿಕ್ಷಣದ ಪರವಾದ ವಾದ, ಶಿಲ್ಪದ ಪರವಾದದ್ದಲ್ಲ ಅಷ್ಟೇ.

ಇನ್ನು ಅಂಟಿನ ವಿಷಯ. ಸವಾಯ ಪ್ರತಿಯೊಂದು ಇಟ್ಟಿಗೆಗೂ ಅಂಟು ಹಾಕುತ್ತಾರೆ. ಕೃತಿಗಳು ಹಡಗು, ವಿಮಾನ ಹತ್ತಿ ಊರೂರು ಸುತ್ತುವುದರಿಂದ ಬೇರೆ ದಾರಿಯಿಲ್ಲ. ತಪ್ಪಾದರೆ ಸುತ್ತಿಗೆ ಮತ್ತು ಉಳಿ ತೆಗೆದುಕೊಂಡು ಇಟ್ಟಿಗೆಗಳನ್ನು ಒಡೆದು ತೆಗೆಯುತ್ತಾರೆ. ನೋಡಿ, ಕಲ್ಲುಕುಟಿಗನ ಉಳಿ ಇಲ್ಲಿಗೂ ಬಂತು! ಕಳಚಬಹುದು ಎಂಬ ವಸ್ತುವಿನ ಮಾತನ್ನು ಅಂಟು ರದ್ದು ಮಾಡುತ್ತದೆ. ಆಮೇಲೆ ಅದು ಇಟ್ಟಿಗೆಯ ರೂಪದಲ್ಲಿರುವ ಕಲ್ಲು. ಹವ್ಯಾಸಿ ಬಳಗದ ಮಡಿವಂತರು ಅಂಟು ಎಂದರೆ ಮೂಗು ಮುರಿಯುತ್ತಾರೆ. ಅವರ ಮಡಿ ನನಗೆ ಅತಿಯೆನಿಸಿದರೂ ಅದರ ಹಿಂದಿರುವ ಅಳುಕು ನಿಜವಾದದ್ದು. ಅಂಟು ಹಾಕಿದ ಮೇಲೂ ಕೃತಿಗೆ ಇಟ್ಟಿಗೆ ಬೇಕೇ? ‘ಯೆಲ್ಲೊ’ಗೆ ಬೇಕು, ಏಕೆಂದರೆ ಕಳಚಿಕೊಳ್ಳುವುದೇ ಅದರ ವಸ್ತು. ಡೇವಿಡನ ನಕಲಿಗೆ ಬೇಡ.

ಅಂಟನ್ನೇ ಹಾಕದೆ, ಕೃತಿಯನ್ನು ಮುಗಿಸದೆ ಬಿಟ್ಟವರು ಓಲಾಫುರ್ ಎಲಿಯಾಸನ್. ಐಸ್‌ಲ್ಯಾಂಡ್ ಮೂಲದ ಡ್ಯಾನಿಶ್ ಕಲಾವಿದ. 2005ರಲ್ಲಿ ಅಲ್ಬೇನಿಯಾದ ರಾಜಧಾನಿ ಟಿರಾನಾದ ಬಯಲಿನಲ್ಲಿ ಉದ್ದನೆಯ ಮೇಜು ಹಾಕಿ, ಮೂರು ಟನ್ ಬಿಳಿ ಲೆಗೊ ಸುರಿದು, ಹಾದುಹೋಗುವವರಿಗೆ ಕಟ್ಟಿ ಎಂದರು. ಊರನ್ನು ನೆನಪಿಡಿ. ದಶಕಗಳ ಕಾಲ ಕಠಿಣ ಸರ್ವಾಧಿಕಾರದಲ್ಲಿದ್ದ, ಯಾವ ಕಟ್ಟಡ ಎಲ್ಲಿ ಏಳಬೇಕೆಂದು ಜನರನ್ನು ಯಾರೂ ಕೇಳದಿದ್ದ ನಗರ. ಆಗ ಅಲ್ಲಿನ ಮೇಯರ್ ಎಡಿ ರಾಮ ಸ್ವತಃ ಚಿತ್ರಕಾರರು. ಬೂದು ಕಟ್ಟಡಗಳಿಗೆ ಗಾಢ ಬಣ್ಣ ಬಳಿಸಿ ಜಗತ್ತಿನ ಗಮನ ಸೆಳೆದಿದ್ದವರು. ಅಂಥ ಊರಿನಲ್ಲಿ, ಅದೂ ಬಿಳಿ ಇಟ್ಟಿಗೆಯಲ್ಲಿ, ‘ನಿಮ್ಮ ನಗರ ಹೇಗಿರಬೇಕು?’ ಎಂದು ಕೇಳುವುದು ಮಕ್ಕಳಾಟವಲ್ಲ.

2015ರಲ್ಲಿ ನ್ಯೂಯಾರ್ಕಿನ ಹೈ ಲೈನ್ ಉದ್ಯಾನದಲ್ಲಿ ಇದೇ ಯೋಜನೆ ನಡೆದಾಗ ಹೆಸರಾಂತ ವಾಸ್ತುಶಿಲ್ಪ ಸಂಸ್ಥೆಗಳಿಂದ ಮೊದಲು ಕಟ್ಟಡಗಳನ್ನು ಕಟ್ಟಿಸಿ ಇಟ್ಟರು. ಆಮೇಲೆ ಜನರನ್ನು ಬಿಟ್ಟರು. ಜನ ಆ ಗೋಪುರಗಳ ಮೇಲೆ ಇಟ್ಟಿಗೆ ಪೇರಿಸಿದರು, ಪಕ್ಕದಿಂದ ಕಿತ್ತರು, ಬುಡಕ್ಕೆ ಸೇತುವೆ ಸೇರಿಸಿದರು. ಕಟ್ಟಡ ಕಟ್ಟಿದವರ ಹೆಸರು ಯಾವ ಗೋಡೆಯಲ್ಲಿಯೂ ಉಳಿಯಲಿಲ್ಲ. 2019ರ ಬೇಸಿಗೆಯಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಕಲಾ ಸಂಗ್ರಹಾಲಯದ ಸಭಾಂಗಣದಲ್ಲಿಯೂ ಎಲಿಯಾಸನ್ ಒಂದು ಟನ್ ಬಿಳಿ ಇಟ್ಟಿಗೆ ಇಟ್ಟಿದ್ದರು. ಇಲ್ಲಿ ಶಿಲ್ಪ ಯಾವುದು? ಈ ಕ್ಷಣ ಮೇಜಿನ ಮೇಲಿರುವುದೇ, ನಿನ್ನೆ ಇದ್ದದ್ದೇ, ಕಿತ್ತದ್ದೇ? ನನಗೆ ವೈಯಕ್ತಿಕವಾಗಿ ಇದು ಇಟ್ಟಿಗೆಯ ಸ್ವಭಾವಕ್ಕೆ ಅತ್ಯಂತ ನಿಷ್ಠವಾದ ಕೃತಿ. ಕೊನೆಯಲ್ಲಿ ನೋಡಲು ಅಷ್ಟೇನೂ ಚೆಂದ ಇರುವುದಿಲ್ಲ ಎಂಬುದನ್ನೂ ಸೇರಿಸಿಬಿಡುತ್ತೇನೆ. ಎಲ್ಲರೂ ಕಟ್ಟಿದ ನಗರ ಸಾಮಾನ್ಯವಾಗಿ ಎತ್ತರದ ಕಡೆಗೇ ಓಡುತ್ತದೆ. ಬೆಂಗಳೂರಿನವರಿಗೆ ಇದನ್ನು ವಿವರಿಸಬೇಕಿಲ್ಲ.

ಈಗ ಕಷ್ಟದ ಕೃತಿಗೆ ಬರೋಣ. ಪೋಲೆಂಡಿನ ಜ್ಬಿಗ್ನಿಯೆವ್ ಲಿಬೇರಾ 1996ರಲ್ಲಿ ಏಳು ಪೆಟ್ಟಿಗೆಗಳ ಒಂದು ಲೆಗೊ ಸೆಟ್ ಮಾಡಿದರು. ಅಂಗಡಿಯಲ್ಲಿ ಸಿಗುವ ಸೆಟ್ಟಿನಂತೆಯೇ ಹೊಳೆಯುವ ಡಬ್ಬಿ, ಮೇಲೆ ಕಂಪನಿಯ ಲಾಂಛನ. ಡಬ್ಬಿಯ ಮೇಲಿನ ಚಿತ್ರದಲ್ಲಿರುವುದು ನಾಜಿ ಸೆರೆಶಿಬಿರ: ಸಾಲು ಗುಡಿಸಲುಗಳು, ಕಾವಲುಗೋಪುರ, ಸುಡುವ ಮನೆ. ಕೈದಿಗಳಾಗಿರುವುದು ಕಂಪನಿಯದೇ ಬಿಳಿ ಅಸ್ಥಿಪಂಜರದ ಗೊಂಬೆಗಳು, ಕಾವಲುಗಾರರಾಗಿರುವುದು ಕಂಪನಿಯದೇ ಪೊಲೀಸ್ ಗೊಂಬೆಗಳು. ಕೆಲವು ಮುಖಗಳಿಗೆ ತುಸು ಬಣ್ಣ ತಿದ್ದಿದ್ದು ಬಿಟ್ಟರೆ ಬಹುಪಾಲು ಮಾಮೂಲಿ ಬಿಡಿಭಾಗಗಳೇ. ಲಿಬೇರಾಗೆ ಇಟ್ಟಿಗೆಗಳನ್ನು ಉಚಿತವಾಗಿ ಕೊಟ್ಟದ್ದು ಕಂಪನಿಯೇ, ಏನು ಮಾಡಲಿದ್ದಾರೆಂದು ತಿಳಿಯದೆ. ಡಬ್ಬಿಯ ಮೇಲೆ ಪ್ರಾಯೋಜಕರೆಂದು ಅದರ ಹೆಸರು ಬಂದಾಗ ಕಂಪನಿ ತೀವ್ರವಾಗಿ ಆಕ್ಷೇಪಿಸಿತು. 1997ರ ವೆನಿಸ್ ಬಿನಾಲೆಗೆ (ಎರಡು ವರ್ಷಕ್ಕೊಮ್ಮೆ ನಡೆಯುವ ಅಂತರರಾಷ್ಟ್ರೀಯ ಕಲಾ ಪ್ರದರ್ಶನ) ಈ ಕೃತಿಯನ್ನು ತರಬೇಡಿ ಎಂದು ಪೋಲೆಂಡ್ ಮಂಟಪದ ಹೊಣೆ ಹೊತ್ತವರು ಹೇಳಿದಾಗ ಲಿಬೇರಾ ತಾವೇ ಹಿಂದೆ ಸರಿದರು. ಶಿಬಿರದಲ್ಲಿ ತಮ್ಮವರನ್ನು ಕಳೆದುಕೊಂಡವರು ಇದನ್ನು ನೋಡಿ ನೊಂದರು, ಸಿಟ್ಟಾದರು. ಅವರಿಗೆ ನಾವು ಕಲಾವಿಮರ್ಶೆಯ ಪಾಠ ಹೇಳುವ ಅಗತ್ಯವಿಲ್ಲ. ಆದರೂ ಈ ಕೃತಿಯನ್ನು ನಾನು ಬಿಡಲಾರೆ. ಅಚ್ಚುಕಟ್ಟಾದ, ಎಣಿಸಿಟ್ಟ, ಸೂಚನಾ ಪತ್ರದ ಪ್ರಕಾರ ಯಾರು ಬೇಕಾದರೂ ಜೋಡಿಸಬಹುದಾದ ವ್ಯವಸ್ಥೆಯೊಂದು ಯಾವುದಕ್ಕೆ ಬೇಕಾದರೂ ಬಳಕೆಯಾಗಬಹುದು ಎಂಬುದನ್ನು ಇಷ್ಟು ನೇರವಾಗಿ ಹೇಳಿದ ಶಿಲ್ಪ ಬೇರೊಂದಿಲ್ಲ. ಜೇಡಿಮಣ್ಣಿನಲ್ಲಿ ಮಾಡಿದ್ದರೆ ಇದು ಒಂದು ಸ್ಮಾರಕವಾಗುತ್ತಿತ್ತು. ಇಟ್ಟಿಗೆಯಲ್ಲಿ ಇದು ಆರೋಪವಾಯಿತು. ಇಂದು ಇದು ವಾರ್ಸಾದ ಆಧುನಿಕ ಕಲಾ ಸಂಗ್ರಹಾಲಯದ ಆಸ್ತಿ.

ಇಟ್ಟಿಗೆಗೆ ಒಬ್ಬ ಮಾಲೀಕನಿದ್ದಾನೆ ಎಂಬ ವಿಷಯ ಇಲ್ಲಿ ಮೊದಲ ಬಾರಿಗೆ ಬಂತು. ಅಮೃತಶಿಲೆಗೆ ಲಾಂಛನವಿಲ್ಲ. ಲೆಗೊ ಇಟ್ಟಿಗೆಯ ಪ್ರತಿ ಗುಬಟಿನ ಮೇಲೂ ಕಂಪನಿಯ ಹೆಸರು ಕೆತ್ತಿದೆ. ಕಲಾವಿದನ ಸಹಿ ಒಂದು, ಕಂಪನಿಯ ಸಹಿ ಲಕ್ಷ.

ಈ ಜಗಳ ಬಹಿರಂಗವಾದದ್ದು ಐ ವೇವೇ ಅವರಿಂದ. 2011ರಲ್ಲಿ ಚೀನಾ ಸರ್ಕಾರ ಅವರನ್ನು 81 ದಿನ ಬಂಧನದಲ್ಲಿಟ್ಟು, ಬಿಟ್ಟ ಮೇಲೂ ಪಾಸ್‌ಪೋರ್ಟ್ ಕೊಟ್ಟಿರಲಿಲ್ಲ. 2014ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಆಲ್ಕಟ್ರಾಸ್ ದ್ವೀಪದ ಹಳೆಯ ಸೆರೆಮನೆಯಲ್ಲಿ ಅವರ ಪ್ರದರ್ಶನ ನಡೆದಾಗ ಅವರು ಅಲ್ಲಿಗೆ ಕಾಲಿಡುವಂತಿರಲಿಲ್ಲ. ಬೀಜಿಂಗಿನಲ್ಲಿ ಕುಳಿತು ‘ಟ್ರೇಸ್’ ಎಂಬ ಕೃತಿಯನ್ನು ಯೋಜಿಸಿದರು. ತಮ್ಮ ನಂಬಿಕೆಗಾಗಿ ಸೆರೆಯಾದ ಅಥವಾ ದೇಶ ಬಿಡಬೇಕಾದ 176 ಜನರ ಮುಖಗಳು. ನೆಲ್ಸನ್ ಮಂಡೇಲಾ ಇದ್ದಾರೆ, ಎಡ್ವರ್ಡ್ ಸ್ನೋಡೆನ್ ಇದ್ದಾರೆ, ನಾವು ಹೆಸರೇ ಕೇಳದ ಎಷ್ಟೋ ಮಂದಿ ಇದ್ದಾರೆ. ಒಂದು ಕಾಲಕ್ಕೆ ಕೈದಿಗಳು ದುಡಿಯುತ್ತಿದ್ದ ಕಾರ್ಖಾನೆಯ ನೆಲದ ಮೇಲೆ ಆ ಮುಖಗಳನ್ನು ಲೆಗೊ ತುಣುಕುಗಳಿಂದ ಹಾಸಿದರು. ಜೋಡಿಸಿದವರಲ್ಲಿ ಬಹಳ ಮಂದಿ ಸ್ವಯಂಸೇವಕರು. ದೂರದಿಂದ ಸೂಚನೆ ಕಳಿಸಿದರೆ ಯಾರು ಬೇಕಾದರೂ ಜೋಡಿಸಬಹುದು ಎಂಬ ಗುಣವೇ ಇಲ್ಲಿ ಪಾಸ್‌ಪೋರ್ಟ್ ಇಲ್ಲದ ಕಲಾವಿದನ ಕೈಯಾಯಿತು. ‘ಏಕೆ ಇಟ್ಟಿಗೆ’ ಎನ್ನುವುದಕ್ಕೆ ಇದಕ್ಕಿಂತ ಗಟ್ಟಿಯಾದ ಉತ್ತರವನ್ನು ನಾನು ಕಂಡಿಲ್ಲ. ಮೇಲಾಗಿ ಆ ಮುಖಗಳು ಕಡಿಮೆ ಸ್ಪಷ್ಟತೆಯ ಕ್ಯಾಮೆರಾದಲ್ಲಿ ಸಿಕ್ಕ ಚಿತ್ರಗಳಂತೆ ಚೌಕ ಚೌಕವಾಗಿವೆ. ಎಷ್ಟೋ ಕೈದಿಗಳದ್ದು ಅಂಥದೇ ಮಸುಕು ಫೋಟೊ ಮಾತ್ರ ಜಗತ್ತಿಗೆ ಸಿಕ್ಕಿರುತ್ತದೆ.

ಮರುವರ್ಷ ಮೆಲ್ಬರ್ನಿನ ನ್ಯಾಷನಲ್ ಗ್ಯಾಲರಿ ಆಫ್ ವಿಕ್ಟೋರಿಯಾದಲ್ಲಿ ಪ್ರದರ್ಶನ. ದೊಡ್ಡ ಪ್ರಮಾಣದಲ್ಲಿ ಇಟ್ಟಿಗೆ ಕೇಳಿದಾಗ ಲೆಗೊ ಕಂಪನಿ ನಿರಾಕರಿಸಿತು, ರಾಜಕೀಯ ಕೃತಿಗಳಿಗೆ ನಾವು ನೇರವಾಗಿ ಮಾರುವುದಿಲ್ಲ ಎಂದು. ಶಾಂಘೈಯಲ್ಲಿ ಹೊಸ ಲೆಗೊಲ್ಯಾಂಡ್ ಬರಲಿದೆಯೆಂಬ ಘೋಷಣೆಯೂ ಆ ದಿನಗಳಲ್ಲಿಯೇ ಹೊರಬಿದ್ದಿತ್ತು. ಐ ವೇವೇ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಿ, ಇದು ಸೆನ್ಸಾರ್ ಎಂದರು. 2015ರ ಅಕ್ಟೋಬರಿನಲ್ಲಿ ಇನ್‌ಸ್ಟಾಗ್ರಾಮಿನಲ್ಲಿ ಈ ವಿಷಯ ಹರಡಿದ ಮೇಲೆ ಜನರು ತಮ್ಮ ಮನೆಯ ಮಕ್ಕಳ ಇಟ್ಟಿಗೆಗಳನ್ನು ದಾನ ಮಾಡತೊಡಗಿದರು. ಹಲವು ನಗರಗಳಲ್ಲಿ ಕಾರು ನಿಲ್ಲಿಸಿ, ಅದರ ಛಾವಣಿಯ ಕಿಂಡಿಯನ್ನು ತುಸು ತೆರೆದಿಟ್ಟು, ಅದರೊಳಗೆ ಇಟ್ಟಿಗೆ ಹಾಕುವಂತೆ ಮಾಡಿದ್ದರು. ಅಷ್ಟರಲ್ಲಿ ಮೆಲ್ಬರ್ನಿನ ಕೃತಿಯನ್ನು ಅವರು ಚೀನಾದಲ್ಲಿ ತಯಾರಾದ ನಕಲಿ ಇಟ್ಟಿಗೆಗಳಿಂದ ಕಟ್ಟಿ ಮುಗಿಸಿ, ‘ಲೆಟ್‌ಗೊ ರೂಮ್’ ಎಂದು ತಮಾಷೆಯ ಹೆಸರಿಟ್ಟರು. 2016ರ ಜನವರಿಯಲ್ಲಿ ಕಂಪನಿ ನಿಯಮ ಬದಲಿಸಿತು: ಇನ್ನು ಮುಂದೆ ಯಾವ ಉದ್ದೇಶಕ್ಕೆ ಎಂದು ಕೇಳುವುದಿಲ್ಲ, ಸಾರ್ವಜನಿಕವಾಗಿ ಪ್ರದರ್ಶಿಸುವುದಾದರೆ ಇದಕ್ಕೆ ನಮ್ಮ ಬೆಂಬಲವಿಲ್ಲ ಎಂದು ಸ್ಪಷ್ಟಪಡಿಸಿದರೆ ಸಾಕು. ಬಣ್ಣದ ಡಬ್ಬಿ ಮಾರುವ ಅಂಗಡಿಯವನು ಯಾವ ಚಿತ್ರ ಬರೆಯುತ್ತೀರಿ ಎಂದು ಕೇಳುವುದಿಲ್ಲ. ಆ ಮಟ್ಟಕ್ಕೆ ಇಟ್ಟಿಗೆ ಬಂದದ್ದು ಆಗ.

ನಕಲಿ ಇಟ್ಟಿಗೆ ಕಾನೂನುಬಾಹಿರವೇ ಎಂದು ಮುಂದಿನ ಸಾಲಿನಲ್ಲಿ ಕುಳಿತವರೊಬ್ಬರು ಕೇಳಿದರು. ಪೇಟೆಂಟಿನ ಅವಧಿ ಎಂದೋ ಮುಗಿದಿದೆ. ಇಟ್ಟಿಗೆಯ ಆಕಾರವೇ ನಮ್ಮ ಟ್ರೇಡ್‌ಮಾರ್ಕ್ ಎಂದು ಕಂಪನಿ ಯುರೋಪಿನಲ್ಲಿ ವಾದಿಸಿತ್ತು. 2010ರಲ್ಲಿ ಯುರೋಪಿನ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು: ಆ ಆಕಾರ ಕೆಲಸಕ್ಕಾಗಿ ಇರುವುದು, ಗುರುತಿಗಾಗಿ ಅಲ್ಲ. ಹೆಸರು ಮತ್ತು ಲಾಂಛನ ಅವರದು, ಗುಬಟು ಎಲ್ಲರದು. ಕಲಾವಿದರಿಗೆ ಇದು ದೊಡ್ಡ ಬಿಡುಗಡೆ ಎಂದು ನನ್ನ ಭಾವನೆ, ಹೆಚ್ಚಿನವರು ಗಮನಿಸಿಲ್ಲದಿದ್ದರೂ.

ಐ ವೇವೇ ಅವರ 2023ರ ನೈದಿಲೆ ಕೊಳಕ್ಕೆ ಬಂದು ಅವರನ್ನು ಬಿಡುತ್ತೇನೆ. ಲಂಡನ್ನಿನ ಡಿಸೈನ್ ಮ್ಯೂಸಿಯಂನಲ್ಲಿ ತೋರಿಸಿದ, 15 ಮೀಟರಿಗೂ ಉದ್ದದ, 22 ಬಣ್ಣಗಳ ಗೋಡೆಚಿತ್ರ. ಫ್ರಾನ್ಸಿನ ಚಿತ್ರಕಾರ ಕ್ಲೋಡ್ ಮೊನೆ ಬಿಡಿಸಿದ ಪ್ರಸಿದ್ಧ ಕೊಳ. ನಕಲುಗಳನ್ನು ಬೈದ ನೀವು ಇದನ್ನು ಏಕೆ ಹೊಗಳುತ್ತೀರಿ ಎಂದು ಕೇಳಬಹುದು. ಬಲಭಾಗದಲ್ಲಿ ಒಂದು ಕಪ್ಪು ಕಿಂಡಿ ಇದೆ, ಮೊನೆಯ ಚಿತ್ರದಲ್ಲಿ ಅದಿಲ್ಲ. ಐ ವೇವೇ ಅವರ ತಂದೆ ಐ ಚಿಂಗ್ ಕವಿ. ಅವರನ್ನು ಶಿಂಜಿಯಾಂಗಿಗೆ ಗಡಿಪಾರು ಮಾಡಿದಾಗ ಕುಟುಂಬ ನೆಲದೊಳಗೆ ಅಗೆದ ಗುಂಡಿಯಲ್ಲಿ ವಾಸ ಮಾಡಿತು. ಅದರ ಬಾಗಿಲು ಆ ಕಪ್ಪು ಕಿಂಡಿ. ಮೊನೆಯ ಕುಂಚದ ಹೊಡೆತ ಮೊನೆಯದು, ಬೇರೆಯವರು ಅನುಕರಿಸಬಹುದಷ್ಟೇ. ಇಟ್ಟಿಗೆಯಲ್ಲಿ ಯಾರ ಕೈಯ ಗುರುತೂ ಇಲ್ಲ. ಕುಂಚದ ಗುರುತನ್ನು ಅಳಿಸಿ, ಆ ಖಾಲಿಯಲ್ಲಿ ತಮ್ಮ ಬಾಲ್ಯದ ಗುಂಡಿಯನ್ನು ಇಟ್ಟರು.

ಇನ್ನಿಬ್ಬರನ್ನು ಬೇಗ ಹೇಳುತ್ತೇನೆ. ಟೊರಾಂಟೊದ ಎಕೊ ನಿಮಾಕೊ, ಘಾನಾ ಮೂಲದ ಕೆನಡಾ ಕಲಾವಿದ, ತಮ್ಮ ಶಿಲ್ಪಗಳನ್ನು ಕಪ್ಪು ತುಣುಕುಗಳಿಂದ ಕಟ್ಟುತ್ತಾರೆ. ‘ಕುಂಬಿ ಸಾಲೆ 3020 ಸಿಇ’ (ಅಂದರೆ ಕ್ರಿ.ಶ. 3020ರ ಕುಂಬಿ ಸಾಲೆ) ಎಂಬ ಕೃತಿಯಲ್ಲಿ ಮಧ್ಯಯುಗದ ಘಾನಾ ಸಾಮ್ರಾಜ್ಯದ ರಾಜಧಾನಿಯನ್ನು ಸಾವಿರ ವರ್ಷ ಮುಂದಕ್ಕೆ ಕಲ್ಪಿಸಿದ್ದಾರೆ. ಬಣ್ಣದ ಆಸರೆ ಇಲ್ಲದ್ದರಿಂದ ಕಣ್ಣು ಬೆಳಕು, ನೆರಳು ಮತ್ತು ಮೇಲ್ಮೈಯನ್ನು ಹುಡುಕಬೇಕಾಗುತ್ತದೆ, ಅಂದರೆ ಅದನ್ನು ಶಿಲ್ಪವಾಗಿಯೇ ನೋಡಬೇಕಾಗುತ್ತದೆ. ದಶಕಗಳ ಕಾಲ ಹಳದಿ ಮುಖದ ಗೊಂಬೆಗಳನ್ನೇ ಮಾಡಿದ ಆಟಿಕೆಯಿಂದ ಕಪ್ಪು ನಾಗರಿಕತೆಯನ್ನು ಕಟ್ಟುವುದರ ಧ್ವನಿ ನಿಮಗೆ ಕೇಳಿಸುತ್ತದೆ. ಜರ್ಮನಿಯ ಯಾನ್ ಫೋರ್ಮನ್ 2007ರಲ್ಲಿ ಇಟಲಿಯ ಬೊಕ್ಕಿನ್ಯಾನೊ ಎಂಬ ಹಳ್ಳಿಯಲ್ಲಿ ಒಡೆದ ಕಲ್ಲುಗೋಡೆಗಳ ಸಂದುಗಳನ್ನು ಬಣ್ಣದ ಇಟ್ಟಿಗೆಗಳಿಂದ ತುಂಬಲು ಆರಂಭಿಸಿದರು. ಈಗ ಬೇರೆ ಬೇರೆ ದೇಶಗಳ ಜನ ತಮ್ಮ ಊರಿನ ಗೋಡೆಗಳಿಗೆ ಹಾಗೆಯೇ ತೇಪೆ ಹಾಕುತ್ತಾರೆ. ಮುದ್ದಾಗಿದೆ. ಮೊದಲ ನಾಲ್ಕು ಗೋಡೆಗಳವರೆಗೆ ನನಗೂ ಖುಷಿಯಾಗುತ್ತದೆ, ಆಮೇಲೆ ಅದು ಅಲಂಕಾರ.

ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಮಾತ್ರ ಇಲ್ಲಿ ಸೇರಿಸುತ್ತೇನೆ.

ಪ್ಲಾಸ್ಟಿಕ್ಕಿನಲ್ಲಿ ಕಲೆ ಮಾಡುವುದು ಈ ಕಾಲದಲ್ಲಿ ಸರಿಯೇ ಎಂಬುದು ಮೊದಲನೆಯದು. ತಪ್ಪಿಸಿಕೊಳ್ಳುವ ಪ್ರಶ್ನೆಯಲ್ಲ. ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು ಇಂಗ್ಲೆಂಡಿನ ಕಡಲತೀರದಲ್ಲಿ ಸಿಕ್ಕ ಹಳೆಯ ಲೆಗೊ ಇಟ್ಟಿಗೆಗಳ ಸವೆತವನ್ನು ಅಳೆದು, ಅವು ಸಮುದ್ರದಲ್ಲಿ 100ರಿಂದ 1,300 ವರ್ಷ ಉಳಿಯಬಹುದೆಂದು 2020ರಲ್ಲಿ ಪ್ರಕಟಿಸಿದರು. ಕಡಲಿನಲ್ಲಿ ಅದು ಶಾಪ. ಸಂಗ್ರಹಾಲಯದಲ್ಲಿ ಅದೇ ಬಾಳಿಕೆ ಅನುಕೂಲ, ಬಿಸಿಲಿಗೆ ಬಿಳಿ ಮತ್ತು ನೀಲಿ ಹಳದಿಗಟ್ಟುತ್ತವೆ ಎಂಬುದನ್ನು ಬಿಟ್ಟರೆ. ಅಂಟಿಲ್ಲದ ಕೃತಿಯ ಇಟ್ಟಿಗೆ ಮುಂದಿನ ಕೃತಿಗೆ ಹೋಗುತ್ತದೆ, ಅಂಟು ಹಾಕಿದ್ದು ಹೋಗುವುದಿಲ್ಲ. ಪರಿಸರದ ದೃಷ್ಟಿಯಿಂದಲೂ ನಾನು ಅಂಟಿನ ವಿರೋಧಿಯೇ.

ಇದು ಶ್ರೀಮಂತರ ಜೇಡಿಮಣ್ಣಲ್ಲವೇ, ನಾವು ಎಲ್ಲಿಂದ ತರಬೇಕು ಎಂದು ವಿದ್ಯಾರ್ಥಿನಿಯೊಬ್ಬರು ಕೇಳಿದರು. ಹೌದು, ದುಬಾರಿ. ಲಕ್ಷದ ಲೆಕ್ಕದ ಕನಸು ಬಿಡಿ. ಮಕ್ಕಳು ಬೆಳೆದ ಮನೆಗಳಲ್ಲಿ ಅಟ್ಟದ ಮೇಲಿರುವ ಡಬ್ಬಿಗಳನ್ನು ಕೇಳಿ ಪಡೆಯಿರಿ. ನಮ್ಮ ಮಾರುಕಟ್ಟೆಯಲ್ಲಿ ಸಿಗುವ ಅಗ್ಗದ ಇಟ್ಟಿಗೆಗಳನ್ನು ಬೆರೆಸಿ, ಆದರೆ ಹಿಡಿತ ಸಡಿಲವಾಗಿರುವವನ್ನು ಬುಡಕ್ಕೆ ಹಾಕಬೇಡಿ. ಬಣ್ಣ ಎರಡೇ ಇರಲಿ. ಎರಡು ಗುಬಟಿಗೆ ಐದು ಪ್ಲೇಟು ಎಂಬುದನ್ನು ಮರೆಯದೆ ಮೊದಲು ಒಂದು ಚೆಂಡು ಕಟ್ಟಿ, ಆಮೇಲೆ ಒಂದು ಕಿವಿ. ಕಿವಿ ಬಂದರೆ ಮುಖ ಬರುತ್ತದೆ. ಫೋಟೊ ತೆಗೆದುಕೊಂಡು ಕಳಚಿ, ಅದೇ ಇಟ್ಟಿಗೆಗಳಿಂದ ಮುಂದಿನದನ್ನು ಕಟ್ಟಿ.